ಓಲೆಗ್ರಂಥಗಳ ಚಿತ್ರಸಂಗ್ರಹವೂ ರೇಡ್ ವ್ಯವಸ್ಥೆಯೂ

ಓಲೆಗರಿಗಳ ಛಾಯಾಚಿತ್ರಗಳನ್ನು ತೆಗೆದು ಕಂಪ್ಯೂಟರಿನಲ್ಲಿ ಸೇರಿಸಿಬಿಟ್ಟರೆ ಗ್ರಂಥವು ಗೆದ್ದಲಿನ ಬಾಯಿಂದ ಪಾರಾಯಿತೆಂಬ ನಂಬಿಕೆ ನಮ್ಮವರಲ್ಲಿ ಹಲವರಿಗುಂಟು. ಚಿತ್ರಗಳನ್ನು ಹೊತ್ತಿರುವ ಹಾರ್ಡ್ ಡಿಸ್ಕಾದರೋ ಜೋಪಾನವಾಗಿಟ್ಟ ಓಲೆಗಿಂತ ಅಲ್ಪಾಯುವಾದುದು; ಕೆಲವೇ ವರ್ಷಗಳಲ್ಲಿ, ಒಮ್ಮೊಮ್ಮೆ ಯಾವ ಮುನ್ಸೂಚನೆಯೂ ಇಲ್ಲದೆ, ಕೆಟ್ಟುಹೋಗುತ್ತದೆ. ಇದಕ್ಕೆ ಪರಿಹಾರವೆನಿಸಿದ ರೇಡ್ ಎಂಬ ವ್ಯವಸ್ಥೆಯ ಸ್ವರೂಪವನ್ನೂ, ಗ್ರಂಥಭಂಡಾರವೊಂದು ಅದನ್ನು ಯೋಜಿಸತಕ್ಕ ಕ್ರಮವನ್ನೂ, ಮುಖ್ಯವಾಗಿ ಅದರ ಮಿತಿಯನ್ನೂ ಇಲ್ಲಿ ವಿಚಾರಿಸುವೆವು.

1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು, ಬೆಲೆಬಾಳುವ ಒಂದು ದೊಡ್ಡ ಡಿಸ್ಕಿಗೆ ಬದಲಾಗಿ ಅಗ್ಗದ ಹಲವನ್ನು ಕೂಡಿಸಿ ಬಳಸಬಹುದೆಂದು ಪ್ರತಿಪಾದಿಸಿದರು. ರೇಡ್ ಎಂಬುದು ಅವರಿಟ್ಟ ಹೆಸರಿನ ಮೊದಲಕ್ಷರಗಳ ಕೂಟ. ‘ಅಗ್ಗದ’ ಎಂಬರ್ಥದ ಪದದ ಸ್ಥಾನದಲ್ಲಿ ಮುಂದೆ ‘ಸ್ವತಂತ್ರ’ ಎಂಬರ್ಥದ ಪದ ಬಂದು ಕುಳಿತಿತು. ಎರಡಕ್ಕೂ ಇಂಗ್ಲಿಷಿನಲ್ಲಿ ಮೊದಲಕ್ಷರ ಒಂದೇ ಆದುದರಿಂದ ಹೆಸರು ಉಳಿಯಿತು.

ಡಿಸ್ಕುಗಳು ಹೆಚ್ಚಿದಷ್ಟೂ ಅವುಗಳಲ್ಲೊಂದು ಕೆಡುವ ಸಂಭವವೂ ಹೆಚ್ಚುವುದಷ್ಟೆ. ಎರಡು ಡಿಸ್ಕುಗಳಲ್ಲಿಯೂ ಒಂದನ್ನೇ ಬರೆಯುವುದು ಸುಲಭವಾದ ಉಪಾಯ. ಇದು ರೇಡ್ 1. ಮಿತವ್ಯಯದ ಉಪಾಯ ಪ್ಯಾರಿಟಿ. ಮೂರು ಡಿಸ್ಕುಗಳ ಒಂದೇ ಸ್ಥಾನದಲ್ಲಿ 1, 0, 1 ಎಂಬ ಅಂಕೆಗಳಿವೆಯೆನ್ನೋಣ. ಒಂದುಗಳ ಎಣಿಕೆ ಸಮಸಂಖ್ಯೆಯಾಗಿರಬೇಕೆಂಬ ನಿಯಮದಂತೆ ನಾಲ್ಕನೆಯದರಲ್ಲಿ 0 ಬರೆಯಲ್ಪಡುತ್ತದೆ. ಎರಡನೆಯ ಡಿಸ್ಕು ಕೆಟ್ಟರೆ ಉಳಿಯುವುವು 1, 1, 0. ನಿಯಮ ನಿಲ್ಲಬೇಕಾದರೆ ಲುಪ್ತವಾದುದು 0 ಆಗಿರಲೇಬೇಕು. ತ್ರುಟಿತ ಪದ್ಯದ ಮಾತ್ರೆಗಳನ್ನೆಣಿಸಿ ಪಾಠವನ್ನು ಊಹಿಸುವವರಿಗೆ ಇದು ಅಪರಿಚಿತ ಮಾರ್ಗವಲ್ಲ. ಇಲ್ಲಿ ಮಾತ್ರ ಪಾಠಾಂತರಕ್ಕೆ ಎಡೆಯಿಲ್ಲ. ಒಂದು ಡಿಸ್ಕಿನಷ್ಟು ಸ್ಥಳವನ್ನು ಎಲ್ಲದರಲ್ಲಿಯೂ ಹಂಚಿ ಇದಕ್ಕೆ ಮೀಸಲಿಟ್ಟರೆ ರೇಡ್ 5. ಎರಡರಷ್ಟನ್ನು ಮೀಸಲಿಟ್ಟು ಇನ್ನೊಂದು ಗಣಿತವನ್ನೂ ಸೇರಿಸಿದರೆ ರೇಡ್ 6. ಮೊದಲನೆಯದು ಒಂದು ಡಿಸ್ಕಿನ ನಾಶವನ್ನು, ಎರಡನೆಯದು ಯಾವ ಎರಡರ ನಾಶವನ್ನಾದರೂ ತಾಳಬಲ್ಲುದು. ರೇಡ್ 0 ಎಂಬುದರಲ್ಲಿ ರಕ್ಷಣೆಯೇ ಇಲ್ಲ, ಹೆಸರಿಗೆ ಮೋಸಹೋಗಬಾರದು.

ಯೋಜನೆಗೆ ಮೊದಲು ಗರಿಗಳನ್ನು ಎಣಿಸತಕ್ಕದ್ದು. ಉದ್ದ 10,000, ಅಗಲ 4,000 ಪಿಕ್ಸೆಲುಗಳುಳ್ಳ ವರ್ಣಚಿತ್ರವು, ಪಿಕ್ಸೆಲಿಗೆ ಮೂರು ಬೈಟಿನಂತೆ, ಕುಗ್ಗಿಸದಿದ್ದಲ್ಲಿ 12 ಕೋಟಿ ಬೈಟುಗಳಾಗುತ್ತದೆ. 150 ಗರಿಗಳ ಕಟ್ಟಿಗೆ ಎರಡು ಮಗ್ಗುಲೂ ಸೇರಿ 300 ಚಿತ್ರಗಳು, ಎಂದರೆ 36 ಗಿಗಾಬೈಟು. 8 ಟೆರಾಬೈಟಿನ ನಾಲ್ಕು ಡಿಸ್ಕುಗಳಿಂದ ರೇಡ್ 5ರಲ್ಲಿ 24 ಟೆರಾಬೈಟು, ರೇಡ್ 6ರಲ್ಲಿ 16 ದೊರೆಯುತ್ತದೆ. ಅಲ್ಲಿ 660ಕ್ಕೂ ಮಿಕ್ಕ ಕಟ್ಟುಗಳು, ಇಲ್ಲಿ 440ಕ್ಕೂ ಮಿಕ್ಕವು. ಲೆಕ್ಕಪತ್ರ ನೋಡುವವರು ಮೊದಲನೆಯದನ್ನೇ ಮೆಚ್ಚುವುದು ಸಹಜ. ನಮ್ಮ ಅಭಿಪ್ರಾಯ ಬೇರೆ. ಕೆಟ್ಟ ಡಿಸ್ಕಿನ ಸ್ಥಾನದಲ್ಲಿ ಹೊಸದನ್ನಿಟ್ಟು ಪುನಾರಚಿಸುವಾಗ ಉಳಿದ ಮೂರರ 24 ಟೆರಾಬೈಟನ್ನೂ ಆದ್ಯಂತ ಓದಬೇಕು. ಸಾಧಾರಣ ಡಿಸ್ಕುಗಳ ತಯಾರಕರಾದರೋ ಸುಮಾರು 12.5 ಟೆರಾಬೈಟು ಓದಿದಲ್ಲಿ ಓದಲಾಗದ ತಾಣವೊಂದು ಸಿಕ್ಕಬಹುದೆಂದು ತಾವೇ ನಮೂದಿಸುವುದುಂಟು. ಇದು ಪರಮಾವಧಿಯ ಲೆಕ್ಕ, ದಿಟ; ಆದರೂ ಸೆಕೆಂಡಿಗೆ 200 ಮೆಗಾಬೈಟಿನ ವೇಗದಲ್ಲಿಯೂ 11 ಗಂಟೆ ಹಿಡಿಯುವ ಆ ಕೆಲಸ ಮುಗಿಯುವವರೆಗೆ ರೇಡ್ 5ಕ್ಕೆ ಬೇರೆ ಆಸರೆಯಿಲ್ಲ. ಎರಡನೆಯ ಪ್ರತಿಯಿಲ್ಲದ ಗ್ರಂಥಗಳಿಗೆ ರೇಡ್ 6 ಲೇಸು.

ಡಿಸ್ಕುಗಳನ್ನು ಒಂದೇ ತಂಡದ ತಯಾರಿಕೆಯಿಂದ ಕೊಳ್ಳಬಾರದು. ಒಟ್ಟಿಗೆ ಹುಟ್ಟಿದವು ಒಟ್ಟಿಗೆ ಸಾಯುವುದೂ ಉಂಟು. ವಿದ್ಯುತ್ತು ನಿಂತಾಗ ಆಸರೆಯಾಗಿ ಯುಪಿಎಸ್ ಬೇಕು. ತಿಂಗಳಿಗೊಮ್ಮೆ ಎಲ್ಲವನ್ನೂ ಓದಿ ಪರೀಕ್ಷಿಸುವಂತೆಯೂ, ಡಿಸ್ಕು ಕೆಟ್ಟೊಡನೆ ಇ-ಮೇಲ್ ಬರುವಂತೆಯೂ ಏರ್ಪಡಿಸತಕ್ಕದ್ದು. ಚಿತ್ರಗಳನ್ನು ತುಂಬುವ ಮೊದಲೇ ಒಂದು ಡಿಸ್ಕನ್ನು ಹೊರತೆಗೆದು ಪುನಾರಚನೆಯನ್ನು ಮಾಡಿನೋಡುವುದು ಒಳ್ಳೆಯದು.

ಇಷ್ಟೆಲ್ಲ ಆದರೂ ರೇಡ್ ಎಂಬುದು ಬ್ಯಾಕಪ್ ಅಲ್ಲ. ಕೈತಪ್ಪಿ ಅಳಿಸಿದ ಚಿತ್ರವು ಎಲ್ಲ ಡಿಸ್ಕುಗಳಿಂದಲೂ ಆ ಕ್ಷಣವೇ ಅಳಿಯುತ್ತದೆ. ಮಾತೃಕೆಯ ಸ್ಖಾಲಿತ್ಯವನ್ನು ನಿಷ್ಠೆಯಿಂದ ಪ್ರತಿಮಾಡುವ ಲಿಪಿಕಾರನ ನಡತೆಯೇ ಇದರದೂ. ಬೆಂಕಿ, ಕಳ್ಳತನಗಳು ಪೆಟ್ಟಿಗೆಯನ್ನು ಇಡಿಯಾಗಿಯೇ ನುಂಗುತ್ತವೆ. ಹಣ ಎರಡಕ್ಕೂ ಸಾಲದಿದ್ದರೆ, ರೇಡನ್ನು ಕೈಬಿಟ್ಟು, ಎರಡು ಬೇರೆ ಊರುಗಳಲ್ಲಿ ಒಂದೊಂದು ಪ್ರತಿಯನ್ನಿಟ್ಟು, ವರ್ಷಕ್ಕೊಮ್ಮೆ ಎರಡನ್ನೂ ತೆರೆದು ಹೋಲಿಸುವುದನ್ನೇ ನಾವು ಆರಿಸುವೆವು.