ಚಂದ್ರಬಂಡದ ಬದುವಿನ ಹಳದಿ ಹೂಗಳು

ರಾಯಚೂರು ತಾಲ್ಲೂಕಿನ ಹೋಬಳಿ ಊರು ಚಂದ್ರಬಂಡ. ಮನೆಗಳ ಸಾಲು ದಾಟಿ ಹತ್ತಿ, ತೊಗರಿ ಹೊಲಗಳ ನಡುವಿನ ಬಂಡಿದಾರಿ ಹಿಡಿದೆವು. ದಸರೆ ಕಳೆದಿತ್ತು, ನೆಲದಲ್ಲಿ ಇನ್ನೂ ಹಸಿ ಇತ್ತು. ಬದುವಿನ ತುಂಬ ಹಳದಿ. ಕೃಷ್ಣೆ, ತುಂಗಭದ್ರೆಯರ ನಡುವಿನ ಈ ದೋಆಬ್ ಬರೀ ಬಿಸಿಲಿನ ಸೀಮೆ ಎನ್ನುವವರು ಈ ದಿನಗಳಲ್ಲಿ ಬಂದು ನೋಡಬೇಕು.

ದಾರಿ ತೋರಿಸುತ್ತಿದ್ದವರು ನಿವೃತ್ತ ವಿಜ್ಞಾನ ಮೇಷ್ಟ್ರು. ಹಿಂದೆ ಹೈಸ್ಕೂಲು ಮಕ್ಕಳ ಗುಂಪು. ಎಲ್ಲವೂ ಹಳದಿಯೇ ಆಗಿರುವಾಗ ಬಣ್ಣ ನೋಡಿ ಹೆಸರು ಹೇಳುವಂತಿಲ್ಲ. ಎಲೆ, ಕಾಂಡ, ಎಸಳು, ಹಾಲು, ವಾಸನೆ ಹೀಗೆ ಒಂದೊಂದನ್ನೇ ಕೇಳುತ್ತ ಹೋಗಬೇಕು.

ಮೊದಲು ಸಿಕ್ಕಿದ್ದು ತಂಗಡಿ. ಐದು ಎಸಳು. ಎಲೆಯ ಬುಡದಲ್ಲಿ ಕಿವಿಯಂಥ ಅಗಲ ಪುಟ್ಟೆಲೆ ಇದ್ದರೆ ತಂಗಡಿಯೇ. ಇದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿದ್ದರು. ಗಡಿಯಾಚೆ ಗದ್ವಾಲದ ಕಡೆ ಇದೇ ಹೂವನ್ನು ಬತುಕಮ್ಮ ಹಬ್ಬಕ್ಕೆ ಪೇರಿಸುತ್ತಾರೆ. ಅದು ತೆಲಂಗಾಣದ ರಾಜ್ಯ ಹೂವೂ ಹೌದು. ನೆಲಕ್ಕೆ ಹಬ್ಬಿದ ನೆಗ್ಗಿನಮುಳ್ಳಿಗೂ ಐದೇ ಎಸಳು, ಆದರೆ ಕಾಯಿ ತುಂಬ ಮುಳ್ಳು. ನಾಯಿಸಾಸಿವೆಗೆ ನಾಲ್ಕು ಎಸಳು. ಮುಟ್ಟಿದರೆ ಬೆರಳಿಗೆ ಅಂಟು.

ಬೀಳು ಹೊಲದಲ್ಲಿ ದತ್ತೂರಿ ಗಿಡ ಆಗಷ್ಟೇ ಹೂ ಬಿಟ್ಟಿತ್ತು. ಮೇಷ್ಟ್ರು ಇಲ್ಲಿ ಬಹಳ ಹೊತ್ತು ನಿಂತರು. ಕಾಂಡ ಚಿವುಟಿದರೆ ಎಕ್ಕಿಯ ಹಾಗೆ ಬಿಳಿ ಹಾಲು ಬರುವುದಿಲ್ಲ, ಹಳದಿ ಹಾಲು ಬರುತ್ತದೆ. ಮೆಕ್ಸಿಕೊ ಕಡೆಯಿಂದ ಬಂದ ಈ ಗಿಡದ ಬೀಜ ಥೇಟ್ ಸಾಸಿವೆಯಂತೆ. 1998ರಲ್ಲಿ ದೆಹಲಿಯಲ್ಲಿ ಇದರ ಎಣ್ಣೆ ಬೆರೆತ ಸಾಸಿವೆ ಎಣ್ಣೆ ತಿಂದು, ಮೈ ಬಾತು, 60ಕ್ಕೂ ಹೆಚ್ಚು ಜನ ಸತ್ತರು. ಮಕ್ಕಳು ಸುಮ್ಮನೆ ಕೇಳುತ್ತಿದ್ದರು. ಹೂವಿನ ಗುರುತು ಹಿಡಿಯುವುದನ್ನು ನಾನು ಹವ್ಯಾಸವೆಂದು ಕರೆಯಲಾರೆ.

ಅಲ್ಲೇ ಆಡು ಮೇಯಿಸುತ್ತಿದ್ದ ಅಜ್ಜಿ ಹತ್ತಿರ ಬಂದರು. "ಹೂ ಏನ್ ನೋಡ್ತೀರಿ ಸರ, ಆಡು ಯಾವುದಕ್ ಬಾಯಿ ಹಚ್ಚಂಗಿಲ್ಲ ಅದನ್ ನೋಡ್ರಿ" ಎಂದರು. ಮೇಷ್ಟ್ರು ಪುಸ್ತಕ ಮುಚ್ಚಿದರು. ಮುಂದಿನ ಅರ್ಧ ದಾರಿ ಅಜ್ಜಿಯೇ ಮುಂದೆ. "ಯವ್ವಾ, ಇದು?" ಎಂದು ಮಕ್ಕಳು ಕೇಳಿದ್ದಕ್ಕೆಲ್ಲ ಹೆಸರು ಹೇಳಿ, ಕೆಮ್ಮಿಗೋ ಹಸೀ ಗಾಯಕ್ಕೋ ಅದನ್ನೂ ಹೇಳಿದರು. ಹೀಗೆ ಹೇಳುವವರು ಊರೂರಲ್ಲೂ ಇದ್ದಾರೆ. ಅವರ ಜೊತೆ ಶಾಲೆಯ ಮಕ್ಕಳು ತಿಂಗಳಿಗೊಮ್ಮೆಯಾದರೂ ನಡೆಯಬೇಕು.

ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಬಂಡೆ ಸಂದಿನ ನೀಲಿ ವಿಷ್ಣುಕ್ರಾಂತಿ ಬಿಸಿಲೇರಿದರೆ ಮುಚ್ಚಿಕೊಳ್ಳುತ್ತದೆ. ಹೂ ಕೀಳದೆ ಎಲೆಯ ಎರಡೂ ಬದಿ, ಕಾಯಿ, ಇಡೀ ಗಿಡದ ಫೋಟೊ ತೆಗೆದುಕೊಳ್ಳಿ. ಬೆಳೆ ನಿಂತ ಹೊಲಕ್ಕೆ ಕಾಲಿಡುವ ಮುಂಚೆ ಹೊಲದವರನ್ನು ಕೇಳಿ.