ಬೆಳಕಿನ ಮೂಲಪ್ರತಿಯನ್ನು ಓದುವ ಬಗೆ

ಶಾಸನದ ಕಲ್ಲೊಂದರ ಚಿತ್ರಗಳನ್ನು ತೆಗೆದು ತಂದವರು ಗಣಕಯಂತ್ರದ ಮುಂದೆ ಕುಳಿತಾಗ ಮೊದಲು ಮಾಡುವ ಕೆಲಸವೆಂದರೆ ಆಯ್ಕೆ. ಒಂದೇ ಕಲ್ಲಿನ ಹತ್ತು ಚಿತ್ರಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಅಳಿಸಬೇಕು? ಹೊಲದ ಬದುವಿನಲ್ಲಿ ಮಳೆಬಿಸಿಲಿಗೆ ಮೈಯೊಡ್ಡಿ ನಿಂತ ಕಲ್ಲು ಸವೆಯುತ್ತಲೇ ಇರುತ್ತದೆ. ಇಂದು ಅಳಿಸಿದ ಚಿತ್ರದಲ್ಲಿದ್ದ ಅಕ್ಷರ ಮುಂದೊಮ್ಮೆ ಕಲ್ಲಿನಲ್ಲಿಯೂ ಇರಲಾರದು. ಆದುದರಿಂದ ಚಿತ್ರದೊಡನೆ ಪರದೆಯ ಮೇಲೆ ಮೂಡುವ ಸೂಚಕಗಳ ಅರ್ಥವನ್ನು ತಿಳಿಯುವುದು ಯಂತ್ರಜ್ಞರಿಗೆ ಮಾತ್ರ ಬಿಟ್ಟ ವಿಷಯವಲ್ಲವೆಂದು ನಾನು ಭಾವಿಸುತ್ತೇನೆ.

ಇಂದಿನ ಕ್ಯಾಮೆರಾ ಎರಡು ಬಗೆಯ ಕಡತಗಳನ್ನು ಕೊಡಬಲ್ಲದು. 'ರಾ' ಎಂಬುದು ಸಂವೇದಕದ ಮೇಲೆ ಬಿದ್ದ ಬೆಳಕಿನ ಅಳತೆ. ಇನ್ನೂ ಸಂಸ್ಕಾರವಾಗದ ಸರಕು. 'ಜೆಪೆಗ್' ಎಂಬುದು ಅದನ್ನೇ ತಿದ್ದಿ, ಬಣ್ಣ ಹೊಂದಿಸಿ, ಸಂಕ್ಷೇಪಿಸಿ ಕೊಟ್ಟ ಚಿತ್ರ. ಸಾಹಿತ್ಯದ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಹೇಳುವುದಾದರೆ ಮೊದಲನೆಯದು ಓಲೆಯ ಪ್ರತಿ, ಎರಡನೆಯದು ಸಂಪಾದಿತ ಮುದ್ರಣ. 14 ಬಿಟ್ಟಿನ ರಾ ಕಡತದಲ್ಲಿ ಬೆಳಕಿನ 16,384 ಮೆಟ್ಟಿಲುಗಳಿಗೆ ಎಡೆಯಿದೆ. ಜೆಪೆಗ್ಗಿನಲ್ಲಿ ಬಣ್ಣವೊಂದಕ್ಕೆ 256 ಮಾತ್ರ.

ಸೂಚಕಗಳಲ್ಲಿ ಮುಖ್ಯವಾದುದು ಹಿಸ್ಟೋಗ್ರಾಂ. ಎಡತುದಿ ಕತ್ತಲು, ಬಲತುದಿ ಬೆಳಕು; ಆಯಾ ಮಟ್ಟದ ಬೆಳಕಿನ ಬಿಂದುಗಳು ಎಷ್ಟಿವೆಯೆಂಬುದನ್ನು ಎತ್ತರ ಹೇಳುತ್ತದೆ. ಇದಕ್ಕೆ ಆದರ್ಶವಾದ ಆಕಾರವೆಂಬುದಿಲ್ಲ. ಕರಿಕಲ್ಲಿನ ಗುಡ್ಡೆ ಎಡಕ್ಕೆ ವಾಲುವುದೂ ಸುಣ್ಣದ ಗೋಡೆಯದು ಬಲಕ್ಕೆ ಸರಿಯುವುದೂ ಸಹಜವೇ. ಆದರೆ ಬಲತುದಿಯಲ್ಲಿ ಗೋಡೆಯಂತೆ ಎದ್ದು ನಿಂತರೆ ಬಟ್ಟಲು ತುಂಬಿ ಹೊರಚೆಲ್ಲಿದೆಯೆಂದು ಅರ್ಥ. ಚೆಲ್ಲಿದ್ದು ಎಷ್ಟೆಂದು ಬಟ್ಟಲು ಹೇಳಲಾರದು. ಅನೇಕ ತಂತ್ರಾಂಶಗಳು ಅಂತಹ ಭಾಗಕ್ಕೆ ಕೆಂಪನ್ನೂ ಕತ್ತಲಲ್ಲಿ ಮುಳುಗಿದ ಭಾಗಕ್ಕೆ ನೀಲಿಯನ್ನೂ ಬಳಿದು ಎಚ್ಚರಿಸುತ್ತವೆ.

ಈಗ ಕೇಳಬೇಕಾದ ಪ್ರಶ್ನೆ, ಈ ಎಚ್ಚರಿಕೆ ಯಾವ ಪ್ರತಿಯನ್ನು ನೋಡಿ ಹೇಳಿದ್ದು? ಕ್ಯಾಮೆರಾದ ಬೆನ್ನಿನ ಪರದೆಯ ಹಿಸ್ಟೋಗ್ರಾಂ ಸಾಮಾನ್ಯವಾಗಿ ಜೆಪೆಗ್ಗಿನಿಂದ ಲೆಕ್ಕ ಹಾಕಿದ್ದು. ಹಲವು ತಂತ್ರಾಂಶಗಳದು ಸಂಸ್ಕರಿಸಿದ ಚಿತ್ರದಿಂದ ಬಂದದ್ದು. ಬಿಳಿಯನ್ನು ಬಿಳಿಯಾಗಿ ಕಾಣಿಸಲು ಹಗಲಿನ ಚಿತ್ರಗಳಲ್ಲಿ ಕೆಂಪು ಮತ್ತು ನೀಲಿಯ ಅಂಕಿಗಳನ್ನು ಗುಣಿಸಿ ಏರಿಸುತ್ತಾರೆ. ಮೇಲೆ ಮೆರುಗನ್ನೂ ಕೊಡುತ್ತಾರೆ. ಇದರಿಂದ ಮೂಲದಲ್ಲಿ ತುಂಬದ ಬಟ್ಟಲು ಮುದ್ರಣದಲ್ಲಿ ಚೆಲ್ಲಿದಂತೆ ಕಾಣುವುದುಂಟು. ಫಾಸ್ಟ್ ರಾ ವ್ಯೂವರಿನಂತಹ ತಂತ್ರಾಂಶ ರಾ ಕಡತವನ್ನೇ ಎಣಿಸಿ, ಚೆಲ್ಲಿದ ಮತ್ತು ಮುಳುಗಿದ ಬಿಂದುಗಳ ಶೇಕಡಾ ಪ್ರಮಾಣವನ್ನು ಪ್ರತಿಯೊಂದು ಬಣ್ಣಕ್ಕೂ ಬೇರೆಯಾಗಿ ತೋರಿಸುತ್ತದೆ.

ಬಣ್ಣದ ಲೆಕ್ಕವನ್ನು ಬೇರ್ಪಡಿಸುವುದಕ್ಕೆ ಕಾರಣವಿದೆ. ಕೊಡಾಕ್ ಸಂಸ್ಥೆಯ ಬ್ರೈಸ್ ಬೇಯರ್ ಅವರ ಹೆಸರಿನಲ್ಲಿ 1976ರಲ್ಲಿ ಪೇಟೆಂಟಾದ ವಿನ್ಯಾಸದಲ್ಲಿ ಪ್ರತಿ ನಾಲ್ಕು ಬಿಂದುಗಳಿಗೆ ಎರಡು ಹಸಿರು, ಒಂದು ಕೆಂಪು, ಒಂದು ನೀಲಿ. ಹಗಲಿನಲ್ಲಿ ಸಾಮಾನ್ಯವಾಗಿ ಮೊದಲು ತುಂಬುವುದು ಹಸಿರು. ಒಂದು ಬಣ್ಣ ಮಾತ್ರ ಚೆಲ್ಲಿದ್ದರೆ ಉಳಿದೆರಡರ ಸಾಕ್ಷ್ಯದಿಂದ ರೂಪವನ್ನು ಸ್ವಲ್ಪಮಟ್ಟಿಗೆ ಊಹಿಸಬಹುದು; ಮೂರೂ ಚೆಲ್ಲಿದ್ದರೆ ಅದು ಲುಪ್ತವಾದ ಪಾಠ, ಯಾವ ಸಂಪಾದಕನೂ ತುಂಬಲಾರ.

ಕತ್ತಲಿನ ಸೂಚಕದ ಮಾತು ಬೇರೆ. ನೀಲಿ ಬಳಿದ ಜಾಗದಲ್ಲಿ ಅಂಕಿಗಳು ಚಿಕ್ಕವು, ಅವುಗಳೊಡನೆ ಗೊಗ್ಗರವೂ ಬೆರೆತಿರುತ್ತದೆ. ಆದರೂ ಏನೋ ಉಳಿದಿರಬಹುದು. ಓರೆಬೆಳಕಿನಲ್ಲಿ ತೆಗೆದ ಶಾಸನದ ಚಿತ್ರದಲ್ಲಿ ಅಕ್ಷರವೆಂದರೆ ಗೀರಿನೊಳಗಿನ ನೆರಳೇ ಅಲ್ಲವೆ? ಅಲ್ಲಿಯ ಕತ್ತಲು ದೋಷವಲ್ಲ, ಬರಹ. ಆದುದರಿಂದ ಶೇಕಡಾ ಎಷ್ಟೆಂಬುದಕ್ಕಿಂತ ಎಲ್ಲಿಯೆಂಬುದೇ ಹೆಚ್ಚಿನ ಪ್ರಶ್ನೆ. ಕಲ್ಲಿನ ಹಿಂದಿನ ಆಕಾಶದಲ್ಲಿ ಶೇಕಡಾ 10 ಚೆಲ್ಲಿದ್ದರೂ ನಷ್ಟವಿಲ್ಲ. ಸವೆದ ಸಾಲಿನ ಮೇಲೆ ಶೇಕಡಾ ಅರ್ಧ ಚೆಲ್ಲಿದರೆ ಒಬ್ಬ ದಾನಿಯ ಹೆಸರೇ ಹೋದೀತು.

ಅಳಿಸುವ ಗುಂಡಿಯನ್ನು ಒತ್ತುವ ಮುನ್ನ ಮೂರನ್ನು ನೋಡಿದರೆ ಸಾಕು: ಸೂಚಕದ ಲೆಕ್ಕ ರಾ ಕಡತದ್ದೇ, ಸಂಸ್ಕರಿಸಿದ ಚಿತ್ರದ್ದೇ, ಚೆಲ್ಲಿದ ಬಣ್ಣ ಒಂದೇ, ಮೂರೂ ಹೌದೇ, ಆ ಗುರುತು ಬಿದ್ದಿರುವುದು ಬರಹದ ಮೇಲೆಯೇ, ಬಯಲಿನ ಮೇಲೆಯೇ. ಮೂಲಪ್ರತಿಯನ್ನು ನೋಡದೆ ಪಾಠವನ್ನು ತಳ್ಳಿಹಾಕಬಾರದೆಂಬ ಗ್ರಂಥಸಂಪಾದನೆಯ ನಿಯಮ ಈ ಹೊಸ ಓಲೆಗರಿಗಳಿಗೂ ಅಷ್ಟೇ ಸಲ್ಲುತ್ತದೆ.