ಕಾವೇರಿ ಸೀಮೆಯ ಕ್ರೈಸ್ತರ ಕುಟುಂಬ ಪ್ರಾರ್ಥನೆ

ಕ್ರೈಸ್ತರ ಮನೆಗಳಲ್ಲಿ ಮನೆಮಂದಿಯೆಲ್ಲ ಒಟ್ಟಾಗಿ, ಸಾಮಾನ್ಯವಾಗಿ ಸಂಜೆ ಅಥವಾ ರಾತ್ರಿಯೂಟಕ್ಕೆ ಮೊದಲು, ಮಾಡುವ ಆರಾಧನೆಯೇ ಕುಟುಂಬ ಪ್ರಾರ್ಥನೆ. ಚರ್ಚಿನಲ್ಲಿ ಬಲಿಪೂಜೆ (ಮಾಸ್) ನಡೆಯಲು ಗುರುಗಳು ಇರಲೇಬೇಕು. ಮನೆಯ ಪ್ರಾರ್ಥನೆಗೆ ಆ ಕಟ್ಟಳೆಯಿಲ್ಲ. ಅಪ್ಪ, ಅಮ್ಮ, ಅಜ್ಜಿ ಯಾರು ಬೇಕಾದರೂ ನಡೆಸಬಹುದು. ಕಾವೇರಿ ಸೀಮೆಯ ಮಂಡ್ಯ ಜಿಲ್ಲೆಯ ಜನಸಂಖ್ಯೆಯಲ್ಲಿ ಕ್ರೈಸ್ತರು ಶೇ. 1ಕ್ಕೂ ಕಡಿಮೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಂಥ ಕಡೆ ಚದುರಿ ಬಾಳುವ ಕುಟುಂಬಗಳಿಗೆ ಚರ್ಚು ವಾರಕ್ಕೊಮ್ಮೆಯದಾದರೆ, ಮನೆಯ ಪ್ರಾರ್ಥನೆ ದಿನನಿತ್ಯದ್ದು.

ಈ ಸೀಮೆಯಲ್ಲಿ ಕ್ರೈಸ್ತ ಧರ್ಮ ಬೇರೂರಿದ್ದು 17ನೇ ಶತಮಾನದ ಮಧ್ಯಭಾಗದಲ್ಲಿ. ಇಟಲಿಯ ಯೇಸುಸಭೆಯ (ಜೆಸ್ವಿಟ್) ಗುರು ಲಿಯೊನಾರ್ದೊ ಚಿನ್ನಮಿ ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಅಡಿಪಾಯ ಹಾಕಿದರು, ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶ ಬರೆದರು. ಶ್ರೀರಂಗಪಟ್ಟಣದ ಸುತ್ತಲಿನ ಪಾಲಹಳ್ಳಿ, ಗಂಜಾಂ ಹಳೆಯ ಕ್ರೈಸ್ತ ನೆಲೆಗಳು. 1784ರಲ್ಲಿ ಟಿಪ್ಪು ಸುಲ್ತಾನ್ ಕೆನರಾ ಕರಾವಳಿಯ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಗುರುಗಳನ್ನು ಗಡೀಪಾರು ಮಾಡಿದ. ಗುರುಗಳಿಲ್ಲದೆ ಬಲಿಪೂಜೆಗೆ ದಾರಿಯಿರಲಿಲ್ಲ; ಮನೆಯ ಪ್ರಾರ್ಥನೆಗಷ್ಟೇ ಗುರುಗಳು ಬೇಕಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಬ್ರಿಟಿಷರ ವಶವಾದ ಮೇಲೆ ಫ್ರಾನ್ಸಿನ ಗುರು ಅಬ್ಬೆ ದ್ಯುಬುವಾ ಬಂದು, ಚೆದುರಿಹೋಗಿದ್ದ ಕ್ರೈಸ್ತರನ್ನು ಮತ್ತೆ ಒಗ್ಗೂಡಿಸಿದರು. ಗಂಜಾಂನ ಚರ್ಚು ಇಂದಿಗೂ ಅವರ ಹೆಸರಿನಿಂದಲೇ ಪರಿಚಿತ. 1823ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಕಥೋಲಿಕರ ಬಲಿಪೂಜೆ 1960ರ ದಶಕದವರೆಗೂ ಲ್ಯಾಟಿನ್ ಭಾಷೆಯಲ್ಲಿತ್ತು. ಗುರುಗಳು ಪೀಠದ ಕಡೆ ಮುಖಮಾಡಿ ಹೇಳುತ್ತಿದ್ದ ಆ ಮಾತು ಜನರಿಗೆ ತಿಳಿಯುತ್ತಿರಲಿಲ್ಲ. ಓದು ಬಾರದ ಹಿರಿಯರಿಗೂ ಬಾಯಿಪಾಠವಾಗಿದ್ದದ್ದು ಮನೆಯಲ್ಲಿ ಹೇಳುವ ಕನ್ನಡದ ಜಪಗಳು. ಎರಡನೇ ವ್ಯಾಟಿಕನ್ ಮಹಾಸಭೆ (1962–65) ಪೂಜೆಗೆ ಜನಭಾಷೆಯನ್ನು ಒಪ್ಪಿತು. ಕುಟುಂಬವನ್ನು ‘ಗೃಹಸಭೆ’ ಎಂದು ಕರೆದು, ಮಕ್ಕಳಿಗೆ ಧರ್ಮದ ಮೊದಲ ಪಾಠ ಹೇಳಿಕೊಡುವವರು ತಂದೆತಾಯಿ ಎಂದು 1964ರಲ್ಲಿ ಸಾರಿದ್ದೂ ಅದೇ ಸಭೆ.

ಕಥೋಲಿಕರ ಮನೆಯಲ್ಲಿ ಮುಖ್ಯವಾದದ್ದು ಜಪಮಾಲೆ. ಗೋಡೆಗೆ ಹೊಡೆದ ಹಲಗೆಯ ಮೇಲೆ ಶಿಲುಬೆ, ಯೇಸುವಿನ ತಿರುಹೃದಯದ ಪಟ, ಮಾತೆ ಮರಿಯಳ ಪ್ರತಿಮೆ. ಒಂದು ಮೇಣದಬತ್ತಿ ಹಚ್ಚಿ, ಶಿಲುಬೆ ಗುರುತು ಹಾಕಿ, ವಿಶ್ವಾಸ ಸಂಗ್ರಹದಿಂದ ಶುರುಮಾಡುತ್ತಾರೆ. ಜಪಸರದಲ್ಲಿ 59 ಮಣಿಗಳು. ಯೇಸು, ಮರಿಯಳ ಬದುಕಿನ ಘಟನೆಗಳನ್ನು ಧ್ಯಾನಿಸುವ ಐದು ರಹಸ್ಯಗಳಲ್ಲಿ ಪ್ರತಿಯೊಂದಕ್ಕೂ ಒಂದು ಪರಲೋಕ ಮಂತ್ರ, ಹತ್ತು ನಮೋ ಮರಿಯಾ, ಕೊನೆಗೊಂದು ತ್ರಿತ್ವ ಸ್ತೋತ್ರ. ನಮೋ ಮರಿಯಾದ ಮೊದಲರ್ಧವನ್ನು ಒಬ್ಬರು ಹೇಳಿದರೆ ಉಳಿದರ್ಧವನ್ನು ಎಲ್ಲರೂ ಸೇರಿ ಹೇಳುತ್ತಾರೆ. ಒಂದೊಂದು ರಹಸ್ಯವನ್ನು ಒಬ್ಬೊಬ್ಬರಿಗೆ ವಹಿಸುವುದರಿಂದ ಚಿಕ್ಕ ಮಕ್ಕಳೂ ಮುಂದಾಳಾಗುತ್ತಾರೆ; ಮಣಿ ಎಣಿಸುತ್ತಲೇ ಜಪ ಕಲಿಯುತ್ತಾರೆ. ಸೋಮವಾರ, ಶನಿವಾರ ಸಂತೋಷದ ರಹಸ್ಯ. ಮಂಗಳವಾರ, ಶುಕ್ರವಾರ ದುಃಖದ್ದು. ಬುಧವಾರ, ಭಾನುವಾರ ಮಹಿಮೆಯದು. ಗುರುವಾರದ ಬೆಳಕಿನ ರಹಸ್ಯವನ್ನು 2002ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಸೇರಿಸಿದರು. ಇಡೀ ಜಪಕ್ಕೆ ಹೆಚ್ಚೆಂದರೆ ಅರ್ಧ ಗಂಟೆ. ಆಮೇಲೆ ರೋಗಿಗಳಿಗಾಗಿ, ತೀರಿಕೊಂಡವರಿಗಾಗಿ, ಪರೀಕ್ಷೆಗೆ ಕೂತ ಮಕ್ಕಳಿಗಾಗಿ ಬೇಡಿಕೆ.

ಪ್ರಾಟೆಸ್ಟೆಂಟ್ ಮನೆಗಳಲ್ಲಿ ಮಣಿಸರ, ಪ್ರತಿಮೆಗಳಿಲ್ಲ. ಒಂದು ಕೀರ್ತನೆ ಹಾಡಿ, ಸತ್ಯವೇದದ ಒಂದು ಭಾಗ ಓದಿ, ಅದರ ಬಗ್ಗೆ ನಾಲ್ಕು ಮಾತಾಡಿ, ತಮ್ಮದೇ ಮಾತುಗಳಲ್ಲಿ ಪ್ರಾರ್ಥಿಸುತ್ತಾರೆ. ಕರ್ತನು ಕಲಿಸಿದ ಪ್ರಾರ್ಥನೆಯೊಂದಿಗೆ ಮುಗಿಸುತ್ತಾರೆ. ಬಳ್ಳಾರಿಯ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೇ ಶತಮಾನದ ಪೂರ್ವಾರ್ಧದಲ್ಲಿ ಬೈಬಲನ್ನು ಕನ್ನಡಕ್ಕೆ ತಂದದ್ದರಿಂದ ಮನೆಯಲ್ಲಿ ಓದುವ ಈ ಪದ್ಧತಿಗೆ ದಾರಿಯಾಯಿತು. ಕಥೋಲಿಕರಲ್ಲೇ ಕೇರಳ ಮೂಲದ ಸಿರೋ ಮಲಬಾರ್ ಸಭೆಯ ಕುಟುಂಬಗಳು ಸಂಧ್ಯಾ ಪ್ರಾರ್ಥನೆಯನ್ನು ಮಲಯಾಳದಲ್ಲಿ ಮಾಡುತ್ತವೆ. ಆ ಸಭೆಗಾಗಿ ಮಂಡ್ಯ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದು 2010ರಲ್ಲಿ.

ವರ್ಷದ ಹಬ್ಬಗಳೂ ಮನೆಯ ಪ್ರಾರ್ಥನೆಯನ್ನು ಬದಲಿಸುತ್ತವೆ. ವಿಭೂತಿ ಬುಧವಾರದಿಂದ ಆರಂಭವಾಗುವ ತಪಸ್ಸುಕಾಲದಲ್ಲಿ ಶಿಲುಬೆ ಹಾದಿಯ ಧ್ಯಾನ ಸೇರುತ್ತದೆ. ಮರಿಯಳಿಗೆ ಮೀಸಲಾದ ಮೇ, ಜಪಮಾಲೆಯ ಅಕ್ಟೋಬರ್ ತಿಂಗಳುಗಳಲ್ಲಿ ನೆರೆಹೊರೆಯ ಕುಟುಂಬಗಳು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಜಪಿಸುವುದುಂಟು. ಸೆಪ್ಟೆಂಬರ್ 8ರ ಮರಿಯಳ ಜನ್ಮೋತ್ಸವಕ್ಕೆ ಒಂಬತ್ತು ದಿನಗಳ ನವೇನ. ಡಿಸೆಂಬರಿನಲ್ಲಿ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯಾದ ಗೋದಲಿ ಕಟ್ಟಿ ಅದರ ಮುಂದೆ ಪ್ರಾರ್ಥನೆ. ಗೃಹಪ್ರವೇಶ, ಹುಟ್ಟುಹಬ್ಬ, ತೀರಿಕೊಂಡವರ ವರ್ಷದ ನೆನಪಿಗೂ ಮನೆಯಲ್ಲಿ ಪ್ರಾರ್ಥನೆ ಇಡುತ್ತಾರೆ.

ಮಕ್ಕಳ ಟ್ಯೂಷನ್, ಪಾಳಿ ಕೆಲಸ, ಟಿವಿ, ಮೊಬೈಲ್ ಇವುಗಳ ನಡುವೆ ಎಲ್ಲರೂ ಒಂದೇ ಹೊತ್ತಿಗೆ ಸೇರುವುದು ಕಷ್ಟ. ಹಾಗಾಗಿ ಕೆಲವು ಮನೆಗಳಲ್ಲಿ ಜಪಮಾಲೆ ಒಂದೇ ರಹಸ್ಯಕ್ಕೆ ಇಳಿದಿದೆ, ಕೆಲವೆಡೆ ಊಟದ ಮೊದಲಿನ ಸಣ್ಣ ಪ್ರಾರ್ಥನೆಯಷ್ಟೇ ಉಳಿದಿದೆ. 2020ರ ಮಾರ್ಚಿನಲ್ಲಿ ಲಾಕ್‌ಡೌನ್‌ನಿಂದ ಚರ್ಚುಗಳು ಮುಚ್ಚಿದಾಗ ಬಲಿಪೂಜೆಯನ್ನು ಮೊಬೈಲಿನಲ್ಲಿ ನೋಡಬೇಕಾಯಿತು. ಮನೆಯವರೇ ಸೇರಿ ಮಾಡುವ ಜಪಕ್ಕೆ ಮಾತ್ರ ಯಾವ ಅಡ್ಡಿಯೂ ಬರಲಿಲ್ಲ.